ಮನೆ ಸೋಲಾರ್‌ಗೆ ಬ್ಯಾಟರಿ: ಯಾರಿಗೆ ಬೇಕು, ಯಾವುದು ಬೇಕು, ಎಷ್ಟು ಬೇಕು

ಸೋಲಾರ್ ಹಾಕಿಸಲು ಹೊರಟವರು ಮೂರು ಕಡೆ ಕೊಟೇಶನ್ ತೆಗೆದುಕೊಂಡರೆ ಮೂರು ಬೇರೆ ಬೇರೆ ಉತ್ತರ ಸಿಗುತ್ತದೆ. ಒಬ್ಬರು ಬ್ಯಾಟರಿಯೇ ಬೇಡ ಅನ್ನುತ್ತಾರೆ. ಇನ್ನೊಬ್ಬರು ಯುಪಿಎಸ್ ಪಕ್ಕ ಇಡುವಂಥ ನಾಲ್ಕು ಟ್ಯೂಬುಲರ್ ಬ್ಯಾಟರಿ ಬರೆದುಕೊಡುತ್ತಾರೆ. ಮತ್ತೊಬ್ಬರು ಗೋಡೆಗೆ ಕೂರಿಸುವ ಲಿಥಿಯಂ ಬ್ಯಾಟರಿಯ ಫೋಟೋ ತೋರಿಸಿ ಎರಡು ಪಟ್ಟು ರೇಟು ಹೇಳುತ್ತಾರೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಮೂರೂ ಸರಿಯಾದ ಉತ್ತರಗಳೇ, ಆದರೆ ಬೇರೆ ಬೇರೆ ಮನೆಗಳಿಗೆ. ನಿಮ್ಮದು ಯಾವ ಥರದ ಮನೆ ಅನ್ನೋದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದ ಈಗಿನ ವಿದ್ಯುತ್ ದರದಲ್ಲಿ ಬ್ಯಾಟರಿಯಿಂದ ಬಿಲ್ ಉಳಿಯುವುದಿಲ್ಲ. ಬ್ಯಾಟರಿ ಇರುವುದು ಕರೆಂಟ್ ಹೋದಾಗ ಮನೆ ನಡೆಯಲಿ ಅಂತ. ಇವೆರಡನ್ನು ಒಂದೇ ಅಂದುಕೊಂಡಾಗಲೇ ಜನ ಬೇಡದ ಕಡೆ ಲಕ್ಷ ಲಕ್ಷ ಸುರಿಯುವುದು, ಬೇಕಾದ ಕಡೆ ಕೈ ಬಿಗಿ ಹಿಡಿಯುವುದು.

ಬಿಲ್ ಉಳಿಸೋಕೆ ಬ್ಯಾಟರಿ ಯಾಕೆ ಬೇಡ

ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಸೆಸ್ಕ್, ಯಾವುದರ ಗ್ರಾಹಕರಾದರೂ ನೆಟ್ ಮೀಟರ್ ಹಾಕಿಸಬಹುದು. ಹಗಲು ನಿಮ್ಮ ಪ್ಯಾನೆಲ್ ಜಾಸ್ತಿ ಮಾಡಿದ ಕರೆಂಟ್ ಲೈನಿಗೆ ಹೋಗುತ್ತದೆ. ರಾತ್ರಿ ಲೈನಿನಿಂದ ನೀವು ತೆಗೆದುಕೊಳ್ಳುತ್ತೀರಿ. ಬಿಲ್ ಮಾಡುವಾಗ ಕೊಟ್ಟದ್ದನ್ನು ತೆಗೆದುಕೊಂಡದ್ದರಲ್ಲಿ ಕಳೆಯುತ್ತಾರೆ. ಅಂದರೆ ಲೈನೇ ನಿಮ್ಮ ಬ್ಯಾಟರಿ. ಅದಕ್ಕೆ ನೀರು ಹಾಕಬೇಕಿಲ್ಲ, ಐದು ವರ್ಷಕ್ಕೊಮ್ಮೆ ಬದಲಿಸಬೇಕಿಲ್ಲ.

ಈಗ ನಿಜವಾದ ಬ್ಯಾಟರಿಯ ಲೆಕ್ಕ ನೋಡಿ. 5 ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ 1.25 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳೋಣ. ನಿಮ್ಮ ಕೊಟೇಶನ್‌ನಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿ. ದಿನಕ್ಕೆ ನಾಲ್ಕೂವರೆ ಯೂನಿಟ್ ತುಂಬಿಸಿ ಖಾಲಿ ಮಾಡುತ್ತ ಹತ್ತು ವರ್ಷ, ಒಂದು ದಿನವೂ ಬಿಡದೆ ಬಳಸಿದರೆ ಸುಮಾರು 16,400 ಯೂನಿಟ್ ಆಗುತ್ತದೆ. ಒಂದು ಯೂನಿಟ್ ಕೂಡಿಡುವ ಖರ್ಚೇ 7 ರೂಪಾಯಿ 60 ಪೈಸೆ. ವರ್ಷ ಕಳೆದಂತೆ ಬ್ಯಾಟರಿಯ ಶಕ್ತಿ ಕುಗ್ಗುವುದನ್ನು ಸೇರಿಸಿದರೆ ಇನ್ನೂ ಜಾಸ್ತಿ. ಎಸ್ಕಾಂ ಮನೆಗಳಿಗೆ ಕೊಡುವ ಕರೆಂಟ್ ಯೂನಿಟ್‌ಗೆ 6 ರೂಪಾಯಿ ಆಸುಪಾಸಿನಲ್ಲಿದೆ. ಆರು ರೂಪಾಯಿಯ ವಸ್ತು ಉಳಿಸೋಕೆ ಎಂಟು ರೂಪಾಯಿ ಖರ್ಚು ಮಾಡೋದು ಸರಿಯಲ್ಲ, ಅಲ್ವಾ?

ಗೃಹಜ್ಯೋತಿ ಇರುವ ಮನೆಗಂತೂ ಈ ಲೆಕ್ಕವೇ ಬೇಡ. 2023ರಲ್ಲಿ ಶುರುವಾದ ಈ ಯೋಜನೆಯಲ್ಲಿ 2022-23ರ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ, ಗರಿಷ್ಠ 200 ಯೂನಿಟ್‌ವರೆಗೆ ಉಚಿತ. ಸೊನ್ನೆ ಬಿಲ್ ಬರುತ್ತಿರುವ ಮನೆಯಲ್ಲಿ ಸೋಲಾರ್ ಇನ್ನೇನು ಉಳಿಸೀತು? ಅಂಥವರು ಬ್ಯಾಟರಿ ನೋಡುವುದಿದ್ದರೆ ಕರೆಂಟ್ ಹೋಗುವ ತೊಂದರೆಗೆ ಮಾತ್ರ ನೋಡಿ.

ಯೂಟ್ಯೂಬಿನಲ್ಲಿ ಅಮೆರಿಕ, ಆಸ್ಟ್ರೇಲಿಯಾದವರ ವಿಡಿಯೋ ನೋಡಿ ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತರುವವರು ಬಹಳ ಜನ. ಅಲ್ಲಿಯ ಪರಿಸ್ಥಿತಿಯೇ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ ಹೊಸ ಸೋಲಾರ್ ಮನೆಗಳು ಲೈನಿಗೆ ಕೊಡುವ ಕರೆಂಟಿಗೆ ಸಿಗುವ ಹಣ ತುಂಬ ಇಳಿದಿದೆ. ಸಂಜೆ ಅದೇ ಲೈನಿನಿಂದ ಕೊಳ್ಳುವ ದರ ಮಾತ್ರ ಏರಿರುತ್ತದೆ. ಹಾಗಾಗಿ ಅಲ್ಲಿ ಹಗಲಿನ ಬಿಸಿಲನ್ನು ಸಂಜೆಗೆ ಕೂಡಿಟ್ಟರೆ ಲಾಭ. ಆಸ್ಟ್ರೇಲಿಯಾ ಸರ್ಕಾರ 2025ರ ಜುಲೈನಿಂದ ಮನೆ ಬ್ಯಾಟರಿಗೇ ರಿಯಾಯಿತಿ ಕೊಡುತ್ತಿದೆ. ನಮ್ಮಲ್ಲಿ ಪ್ರಧಾನಮಂತ್ರಿ ಸೂರ್ಯ ಘರ್ ಯೋಜನೆಯ ಸಬ್ಸಿಡಿ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟು 78,000 ರೂಪಾಯಿ. ಅದು ಲೈನಿಗೆ ಜೋಡಿಸಿದ ಪ್ಯಾನೆಲ್‌ಗಳ ಲೆಕ್ಕದಲ್ಲಿ ಸಿಗುವ ಹಣ. ಬ್ಯಾಟರಿ ಇಟ್ಟರೂ ಅಷ್ಟೇ, ಇಡದಿದ್ದರೂ ಅಷ್ಟೇ. ಬ್ಯಾಟರಿಯ ಖರ್ಚು ಪೂರ್ತಿ ನಿಮ್ಮ ಜೇಬಿನದು.

ಆದರೆ ಕರೆಂಟ್ ಹೋದರೆ?

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಹಣ ಕಟ್ಟಿದ ಮೇಲೆ ಗೊತ್ತಾಗುತ್ತದೆ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಅಂದರೆ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ತಕ್ಷಣ ತಾನೂ ನಿಂತುಹೋಗುತ್ತದೆ. ನಡುಮಧ್ಯಾಹ್ನ, ಉರಿಬಿಸಿಲು, ತಾರಸಿಯ ಮೇಲೆ 3 ಕಿಲೋವ್ಯಾಟ್ ಪ್ಯಾನೆಲ್, ಆದರೂ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇದು ದೋಷ ಅಲ್ಲ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುತ್ತಿರುವಾಗ ನಿಮ್ಮ ತಾರಸಿಯಿಂದ ಕರೆಂಟ್ ಹಿಂದಕ್ಕೆ ಹರಿದರೆ ಅವರ ಜೀವಕ್ಕೆ ಅಪಾಯ. ಅದಕ್ಕೇ ಪ್ಯಾನೆಲ್‌ನ ಕರೆಂಟನ್ನು ಮನೆಗೆ ಬೇಕಾದ ಕರೆಂಟಾಗಿ ಬದಲಿಸುವ ಇನ್ವರ್ಟರ್‌ನಲ್ಲಿ ಈ ವ್ಯವಸ್ಥೆ ಕಡ್ಡಾಯ. ಇದನ್ನು ತಪ್ಪಿಸಿ ಓಡಿಸಿಕೊಡುತ್ತೇನೆ ಅಂತ ಯಾರಾದರೂ ಹೇಳಿದರೆ ಅವರನ್ನು ಬಾಗಿಲಿನಿಂದಲೇ ಕಳಿಸಿ.

ಹಾಗಾಗಿ ಕರೆಂಟ್ ಹೋದಾಗಲೂ ಮನೆ ನಡೆಯಬೇಕೆಂದರೆ ಇರುವ ದಾರಿಗಳನ್ನು ನೋಡೋಣ.

ಮೊದಲನೆಯದು ಎಲ್ಲರೂ ಮರೆಯುವ ದಾರಿ. ಮನೆಯಲ್ಲಿ ಈಗಾಗಲೇ ಇರುವ ಯುಪಿಎಸ್ ಹಾಗೇ ಇರಲಿ, ಸೋಲಾರ್ ಆನ್‌ಗ್ರಿಡ್ ಇರಲಿ. ಎರಡಕ್ಕೂ ಸಂಬಂಧವೇ ಬೇಡ. ಯುಪಿಎಸ್ ಲೈನಿನಿಂದ ಚಾರ್ಜ್ ಆಗುತ್ತದೆ, ಸೋಲಾರ್ ಬಿಲ್ ಇಳಿಸುತ್ತದೆ. ಕರೆಂಟ್ ಹೋದ ಹೊತ್ತಿನಲ್ಲಿ ಪ್ಯಾನೆಲ್ ಕೆಲಸ ಮಾಡುವುದಿಲ್ಲ ಅನ್ನೋದೊಂದೇ ಕೊರತೆ. ದಿನಕ್ಕೆ ಗಂಟೆ, ಎರಡು ಗಂಟೆ ಕರೆಂಟ್ ಹೋಗುವ ಊರಿನಲ್ಲಿ ಈ ಕೊರತೆಯಿಂದ ಏನೂ ನಷ್ಟವಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಹುತೇಕ ಸ್ವಂತ ಮನೆಗಳಿಗೆ ನಾನು ಹೇಳುವುದು ಇದನ್ನೇ. ಸುಮ್ನೆ ಜಾಸ್ತಿ ಖರ್ಚು ಬೇಡ.

ಎರಡನೆಯದು ಹೈಬ್ರಿಡ್. ಒಂದೇ ಇನ್ವರ್ಟರ್‌ಗೆ ಪ್ಯಾನೆಲ್, ಬ್ಯಾಟರಿ, ಲೈನ್ ಮೂರೂ ಬಂದು ಸೇರುತ್ತವೆ. ಲೈನ್ ಇದ್ದಾಗ ಮಿಕ್ಕ ಕರೆಂಟನ್ನು ಹೊರಗೆ ಕಳಿಸುತ್ತದೆ. ಲೈನ್ ಹೋದಾಗ ಮನೆಯನ್ನು ಲೈನಿನಿಂದ ಬಿಡಿಸಿಕೊಂಡು ಪ್ಯಾನೆಲ್ ಮತ್ತು ಬ್ಯಾಟರಿಯಿಂದ ನಡೆಸುತ್ತದೆ. ಹಗಲಿಡೀ ಕರೆಂಟ್ ಇಲ್ಲದಿದ್ದರೂ ಬಿಸಿಲಿದ್ದರೆ ಸಂಜೆಗೆ ಬ್ಯಾಟರಿ ತುಂಬಿರುತ್ತದೆ. ದಿನಗಟ್ಟಲೆ ಕರೆಂಟ್ ಹೋಗುವ ಕಡೆ ಈ ಗುಣ ದೊಡ್ಡದು. ಆದರೆ ಎರಡು ವಿಷಯ ಗಮನಿಸಿ. ಕೆಲವು ಹೈಬ್ರಿಡ್ ಇನ್ವರ್ಟರ್‌ಗಳು ಯಾವ ಲೋಡ್ ಇಲ್ಲದಿದ್ದರೂ 40ರಿಂದ 60 ವ್ಯಾಟ್ ತಿನ್ನುತ್ತವೆ. 50 ವ್ಯಾಟ್ ಅಂದರೆ ದಿನಕ್ಕೆ 1.2 ಯೂನಿಟ್. ಡೇಟಾಶೀಟಿನಲ್ಲಿ ಈ ಅಂಕಿ ಇರುತ್ತದೆ, ಕೇಳಿ ನೋಡಿ. ಇನ್ನೊಂದು, ನೀವು ಕೊಳ್ಳುವ ಮಾಡೆಲ್ ನೆಟ್ ಮೀಟರ್‌ಗೆ ಒಪ್ಪಿಗೆ ಪಡೆದಿದೆಯಾ ಅಂತ ನಿಮ್ಮ ಎಸ್ಕಾಂನ ಸೆಕ್ಷನ್ ಆಫೀಸಿನಲ್ಲಿ ಮುಂಗಡ ಕೊಡುವ ಮೊದಲೇ ಕೇಳಿ.

ಮೂರನೆಯದು ಆಫ್‌ಗ್ರಿಡ್. ಲೈನಿನ ಹಂಗೇ ಇಲ್ಲ, ಸಬ್ಸಿಡಿಯೂ ಇಲ್ಲ. ಕಂಬವೇ ಬಂದಿಲ್ಲದ ತೋಟದ ಮನೆ, ಕಾಡಂಚಿನ ಒಂಟಿ ಮನೆಗೆ ಇದು ಬೇಕು. ನಮ್ಮ ರಾಜ್ಯದಲ್ಲಿ ಇದು ಹೊಸದೂ ಅಲ್ಲ. 1995ರಲ್ಲಿ ಶುರುವಾದ ಸೆಲ್ಕೊ ಸಂಸ್ಥೆ ಹಳ್ಳಿಮನೆಗಳಿಗೆ ಒಂದು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ದೀಪದ ಸೆಟ್ ಕೊಡುತ್ತ ಬೆಳೆದದ್ದು ಇಲ್ಲಿಯೇ. ಲೈನ್ ಇರುವ ಮನೆಗೆ ಮಾತ್ರ ಆಫ್‌ಗ್ರಿಡ್ ಬೇಡ. ಮಧ್ಯಾಹ್ನ ಬ್ಯಾಟರಿ ತುಂಬಿದ ಮೇಲೆ ಮಿಕ್ಕ ಬಿಸಿಲೆಲ್ಲ ವ್ಯರ್ಥ.

ಈಗಾಗಲೇ ಆನ್‌ಗ್ರಿಡ್ ಹಾಕಿಸಿದವರು ಇನ್ವರ್ಟರ್ ಬಿಸಾಡಬೇಕಿಲ್ಲ. ಬ್ಯಾಟರಿಗೆ ಅಂತಲೇ ಬೇರೆ ಇನ್ವರ್ಟರ್ ಬರುತ್ತದೆ. ಲೈನ್ ಹೋದಾಗ ಅದು ಮನೆಯೊಳಗೆ ಲೈನಿನ ಥರವೇ ಕರೆಂಟ್ ಕೊಡುತ್ತದೆ, ಹಳೆಯ ಸೋಲಾರ್ ಇನ್ವರ್ಟರ್ ಅದನ್ನೇ ಲೈನ್ ಅಂತ ತಿಳಿದು ಓಡುತ್ತದೆ. ಎರಡೂ ಹೊಂದಿಕೊಳ್ಳುವ ಮಾಡೆಲ್ ಆಗಿರಬೇಕು. ಕೆಲಸ ಗೊತ್ತಿದ್ದವರಿಂದಲೇ ಮಾಡಿಸಬೇಕು.

ಟ್ಯೂಬುಲರ್ರಾ, ಲಿಥಿಯಮ್ಮಾ

ನಮ್ಮ ಯುಪಿಎಸ್‌ಗಳ ಪಕ್ಕದಲ್ಲಿ ಕೂತಿರುವ ಎತ್ತರದ ಬ್ಯಾಟರಿಯೇ ಟ್ಯೂಬುಲರ್. ಸೀಸ ಮತ್ತು ಆಸಿಡ್. ಅದರ ಮೇಲಿನ ಚೀಟಿ ಒಮ್ಮೆ ಹತ್ತಿರದಿಂದ ಓದಿ. 12 ವೋಲ್ಟ್, 150 ಎಎಚ್ (ಆಂಪಿಯರ್-ಅವರ್) ಅಂತ ಇರುತ್ತದೆ. ಎರಡನ್ನು ಗುಣಿಸಿದರೆ 1,800 ವ್ಯಾಟ್-ಅವರ್, ಅಂದರೆ 1.8 ಯೂನಿಟ್. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಸಿ20 ಅಥವಾ ಸಿ10 ಅಂತ ಇರುತ್ತದೆ. ಸಿ20 ಅಂದರೆ 20 ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಮಾತ್ರ 150 ಎಎಚ್ ಸಿಗುತ್ತದೆ ಅಂತ ಅರ್ಥ. ಸಿ10 ಅಂದರೆ 10 ಗಂಟೆಯಲ್ಲೇ ಅಷ್ಟು ಕೊಡುತ್ತದೆ. ಎರಡೂ 150 ಎಎಚ್ ಆದರೂ ಸಿ10ನದು ಗಟ್ಟಿ ಬ್ಯಾಟರಿ. ಸೋಲಾರ್‌ಗೆ ಸಿ10 ಕೇಳಿ ತೆಗೆದುಕೊಳ್ಳಿ. ಒಂದು ಸಿ10 ಕೊಟೇಶನ್, ಒಂದು ಸಿ20 ಕೊಟೇಶನ್ ಪಕ್ಕಪಕ್ಕ ಇಟ್ಟುಕೊಂಡು ಬೆಲೆ ಹೋಲಿಸಿದರೆ ಮೋಸ ಹೋಗುವುದು ನೀವೇ.

ಆ 1.8 ಯೂನಿಟ್ ಪೂರ್ತಿ ನಿಮ್ಮದಲ್ಲ. ದಿನಾ ಅರ್ಧಕ್ಕಿಂತ ಕೆಳಗೆ ಇಳಿಸುತ್ತ ಹೋದರೆ ಸೀಸದ ಬ್ಯಾಟರಿ ಬೇಗ ಸಾಯುತ್ತದೆ. ಹಾಗಾಗಿ ಲೆಕ್ಕಕ್ಕೆ 0.9 ಯೂನಿಟ್ ಅಂತಲೇ ಹಿಡಿಯಿರಿ. ತುಂಬಿಸಿದ್ದರಲ್ಲಿ ಐದನೇ ಒಂದು ಭಾಗದಷ್ಟು ಒಳಗೇ ಶಾಖವಾಗಿ ಹೋಗುತ್ತದೆ. ಮೂರು ನಾಲ್ಕು ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬೋರ್ ನೀರು, ಫಿಲ್ಟರ್ ನೀರು ಎರಡೂ ಆಗದು. ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದರೆ ಒರೆಸಿ ವ್ಯಾಸಲೀನ್ ಹಚ್ಚಬೇಕು. ಚೆನ್ನಾಗಿ ನೋಡಿಕೊಂಡರೆ ನಾಲ್ಕೈದು ವರ್ಷ ಬಾಳುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಅದನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತದೆ. ಕೆಟ್ಟರೆ ನೋಡುವವರು ಊರಲ್ಲೇ ಇದ್ದಾರೆ. ಹಳೆಯದನ್ನು ಕೊಟ್ಟರೆ ಸೀಸದ ಬೆಲೆ ಕಳೆದು ಹೊಸದು ಕೊಡುತ್ತಾರೆ. ಅಪರೂಪಕ್ಕೆ ಕರೆಂಟ್ ಹೋಗುವ ಮನೆಗೆ ಎರಡು ಟ್ಯೂಬುಲರ್ ಬ್ಯಾಟರಿ ಇವತ್ತಿಗೂ ಮರ್ಯಾದೆಯ ಆಯ್ಕೆ. ನೀರು ಕೇಳದ ಜೆಲ್ ಬ್ಯಾಟರಿಯೂ ಇದೆ. ಬೆಲೆ ಜಾಸ್ತಿ. ಮನೆಗೆ ಅದನ್ನು ನಾನು ಹೇಳುವುದಿಲ್ಲ.

ಲಿಥಿಯಂನಲ್ಲಿ ಎರಡು ಜಾತಿ ಮುಖ್ಯ. ಎಲ್‌ಎಫ್‌ಪಿ ಅಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಎನ್‌ಎಂಸಿ ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವಂಥದ್ದು. ಎನ್‌ಎಂಸಿ ಹಗುರ, ಚಿಕ್ಕದು, ಓಡುವ ಗಾಡಿಗೆ ಒಳ್ಳೆಯದು. ಮನೆಗೆ ಎಲ್‌ಎಫ್‌ಪಿ ಮಾತ್ರ ತೆಗೆದುಕೊಳ್ಳಿ. ಇದು ಬಿಸಿಯಾಗಿ ಕೈಮೀರಬೇಕಾದರೆ ಉಷ್ಣಾಂಶ ಎನ್‌ಎಂಸಿಗಿಂತ ಜಾಸ್ತಿ ಏರಬೇಕು, ಆಯಸ್ಸೂ ಜಾಸ್ತಿ. ಗೋಡೆಯ ಮೇಲಿರುವ ಬ್ಯಾಟರಿಗೆ ಹಗುರವಾಗಿದ್ದು ಏನಾಗಬೇಕು?

ಮನೆಗೆ ಬರುವ ಸಾಮಾನ್ಯ ಎಲ್‌ಎಫ್‌ಪಿ ಪೆಟ್ಟಿಗೆಯ ಒಳಗೆ 3.2 ವೋಲ್ಟ್‌ನ 16 ಸೆಲ್‌ಗಳು ಸಾಲಾಗಿ ಇರುತ್ತವೆ. ಒಟ್ಟು 51.2 ವೋಲ್ಟ್, 100 ಎಎಚ್. ಗುಣಿಸಿದರೆ 5.12 ಯೂನಿಟ್. ಇದರಲ್ಲಿ ಶೇ. 80ರಿಂದ 90ರಷ್ಟು ನೆಮ್ಮದಿಯಾಗಿ ಬಳಸಬಹುದು. ತುಂಬಿಸಿದ್ದರಲ್ಲಿ ಶೇ. 90ಕ್ಕಿಂತ ಹೆಚ್ಚು ವಾಪಸ್ ಬರುತ್ತದೆ. 3,000ದಿಂದ 6,000 ಸಲ ತುಂಬಿ ಖಾಲಿ ಮಾಡಬಹುದು ಅಂತ ತಯಾರಕರು ಬರೆಯುತ್ತಾರೆ. ನೀರು, ವ್ಯಾಸಲೀನ್ ಯಾವುದರ ಗೊಡವೆಯೂ ಇಲ್ಲ. ತೂಕ 50 ಕೆಜಿಯ ಆಸುಪಾಸು. ಒಂದೇ 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದಕ್ಕಿಂತ ಭಾರ ಇರುತ್ತದೆ.

ಬೆಲೆ ಹೋಲಿಸುವಾಗ ಜನ ಪೆಟ್ಟಿಗೆಗೆ ಪೆಟ್ಟಿಗೆ ಹೋಲಿಸುತ್ತಾರೆ. ಹಾಗೆ ಮಾಡಬೇಡಿ, ಕೈಗೆ ಸಿಗುವ ಯೂನಿಟ್‌ಗೆ ಹೋಲಿಸಿ. ನಾಲ್ಕು 150 ಎಎಚ್ ಟ್ಯೂಬುಲರ್ ಬ್ಯಾಟರಿ ತಲಾ 16,000ದಂತೆ 64,000 ರೂಪಾಯಿ ಅಂದುಕೊಳ್ಳಿ. ಕೈಗೆ ಸಿಗುವುದು 3.6 ಯೂನಿಟ್. ಹತ್ತು ವರ್ಷದಲ್ಲಿ ಎರಡು ಸಲ ಕೊಳ್ಳಬೇಕು, 1.28 ಲಕ್ಷ. ಹಳೆಯದಕ್ಕೆ ಒಂದಿಷ್ಟು ವಾಪಸ್ ಬರುತ್ತದೆ. ಅದೇ ಹತ್ತಿರಹತ್ತಿರ ದುಡ್ಡಿಗೆ ಲಿಥಿಯಂ ನಾಲ್ಕೂವರೆ ಯೂನಿಟ್ ಕೊಡುತ್ತದೆ. ಅಂದರೆ ನಾಲ್ಕು ಟ್ಯೂಬುಲರ್ ಬೇಕಾಗುವ ಮನೆಗೆ ಲಿಥಿಯಂ ದುಬಾರಿ ಅಲ್ಲವೇ ಅಲ್ಲ. ಎರಡೇ ಸಾಕಾಗುವ ಮನೆಗೆ ಟ್ಯೂಬುಲರ್ ಇನ್ನೂ ಅಗ್ಗ. ಗೆರೆ ಎಳೆಯಬೇಕಾದದ್ದು ಇಲ್ಲಿ.

ಸೆಕೆಯ ಮಾತು ಪ್ರತ್ಯೇಕವಾಗಿ ಹೇಳಲೇಬೇಕು. ಸೀಸದ ಬ್ಯಾಟರಿಗೆ 25 ಡಿಗ್ರಿಗಿಂತ ಮೇಲೆ ಪ್ರತಿ 10 ಡಿಗ್ರಿಗೆ ಆಯಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕೆಲಸದವರು ಬಳಸುವ ಅಂದಾಜು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇನಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಇನ್ನೂ ಹೆಚ್ಚು. ಅಲ್ಲಿ ಟ್ಯೂಬುಲರ್ ಬ್ಯಾಟರಿ ಎರಡು ಮೂರು ವರ್ಷಕ್ಕೇ ಸೋಲುವುದು ಆಶ್ಚರ್ಯ ಅಲ್ಲ. ಲಿಥಿಯಂ ಕೂಡ ಸೆಕೆಗೆ ಸವೆಯುತ್ತದೆ. ಆ ಕಡೆಯವರು ಬ್ಯಾಟರಿ ಯಾವುದೇ ಇಡಲಿ, ಮನೆಯೊಳಗೆ ತಂಪಾದ ಗೋಡೆ ಹುಡುಕಿ ಇಡಬೇಕು.

ಎಷ್ಟು ದೊಡ್ಡದು ಬೇಕು

ಬ್ಯಾಟರಿ ಕೊಳ್ಳುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಕರೆಂಟ್ ಇಲ್ಲದ ಒಂದು ರಾತ್ರಿ ಏನೇನು ನಡೆಯಲೇಬೇಕು ಅಂತ ಬರೆಯಿರಿ. ಇಡೀ ಮನೆ ಅಲ್ಲ, ನಡೆಯಲೇಬೇಕಾದ್ದು ಮಾತ್ರ.

ಒಂದು ಸಾಧಾರಣ ಮನೆ ತೆಗೆದುಕೊಳ್ಳೋಣ. 9 ವ್ಯಾಟ್‌ನ ಆರು ಎಲ್‌ಇಡಿ ಬಲ್ಬ್ ಐದು ಗಂಟೆ, 270 ವ್ಯಾಟ್-ಅವರ್. 75 ವ್ಯಾಟ್‌ನ ಮೂರು ಫ್ಯಾನ್ ಎಂಟು ಗಂಟೆ, 1,800. ವೈಫೈ 12 ಗಂಟೆಗೆ 120. ಟಿವಿ ಮೂರು ಗಂಟೆಗೆ 210. ಫ್ರಿಜ್ ರಾತ್ರಿಯಿಡೀ 450 ಅಂದುಕೊಳ್ಳಿ. ಮೊಬೈಲು, ಲ್ಯಾಪ್‌ಟಾಪು 150. ಒಟ್ಟು ಸರಿಯಾಗಿ 3,000, ಅಂದರೆ 3 ಯೂನಿಟ್.

ಈ ಪಟ್ಟಿಯಲ್ಲಿ ಯಾವುದು ಜಾಸ್ತಿ ತಿನ್ನುತ್ತಿದೆ ನೋಡಿ. ಫ್ರಿಜ್ ಅಲ್ಲ, ಟಿವಿ ಅಲ್ಲ, ಫ್ಯಾನ್. ಅದೇ ಮೂರು ಫ್ಯಾನ್ ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಮೋಟರಿನವಾಗಿದ್ದರೆ ತಲಾ 30 ವ್ಯಾಟ್ ಸಾಕು. 1,800 ಇದ್ದದ್ದು 720 ಆಗುತ್ತದೆ. ಒಟ್ಟು ಲೆಕ್ಕ 3 ಯೂನಿಟ್‌ನಿಂದ 1.9ಕ್ಕೆ ಇಳಿಯಿತು. ಮೂರು ಫ್ಯಾನ್ ಬದಲಿಸಲು 9,000 ರೂಪಾಯಿ ಆಸುಪಾಸು. ಅದರಿಂದ ಉಳಿದ ಒಂದು ಯೂನಿಟ್ ಜಾಗಕ್ಕೆ ಲಿಥಿಯಂನಲ್ಲಿ 25,000 ಕೊಡಬೇಕಾಗುತ್ತಿತ್ತು. ಬ್ಯಾಟರಿ ಕೊಳ್ಳುವ ಮೊದಲು ಫ್ಯಾನ್ ಬದಲಿಸಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಕೊಟೇಶನ್ ಕೊಡಲು ಬಂದವರಲ್ಲಿ ಈ ಮಾತು ಹೇಳುವವರು ಕಡಿಮೆ.

ಇನ್ನು ಬ್ಯಾಟರಿಯ ಅಳತೆ. ಬ್ಯಾಟರಿಯಿಂದ ಬಲ್ಬ್‌ವರೆಗೆ ಬರುವಾಗ ಇನ್ವರ್ಟರ್‌ನಲ್ಲೂ ಸ್ವಲ್ಪ ಸೋರುತ್ತದೆ. ಲಿಥಿಯಂ ಆದರೆ ಬೇಕಾದ ಯೂನಿಟ್ಟನ್ನು 0.85ರಿಂದ ಭಾಗಿಸಿ. 1.9 ಯೂನಿಟ್‌ಗೆ ಸುಮಾರು 2.25 ಯೂನಿಟ್‌ನ ಬ್ಯಾಟರಿ. ಟ್ಯೂಬುಲರ್ ಆದರೆ 0.42ರಿಂದ ಭಾಗಿಸಿ, ನಾಲ್ಕೂವರೆ ಯೂನಿಟ್. 200 ಎಎಚ್‌ನ ಎರಡು ಬ್ಯಾಟರಿ ಇದಕ್ಕೆ ಸಾಕು. ಫ್ಯಾನ್ ಬದಲಿಸದೆ ಇದ್ದಿದ್ದರೆ 150ರದು ನಾಲ್ಕು ಬೇಕಾಗುತ್ತಿತ್ತು.

ಮೇಲಿನದು ಎಷ್ಟು ಹೊತ್ತು ಬರುತ್ತದೆ ಅನ್ನುವ ಲೆಕ್ಕ. ಒಮ್ಮೆಗೆ ಎಷ್ಟು ಎಳೆಯಬಹುದು ಅನ್ನುವುದು ಬೇರೆ ಲೆಕ್ಕ. ಮಿಕ್ಸಿ 750 ವ್ಯಾಟ್, ಎರಡು ನಿಮಿಷ ಓಡುತ್ತದೆ, ಯೂನಿಟ್ ಲೆಕ್ಕದಲ್ಲಿ ಏನೂ ಅಲ್ಲ, ಆದರೆ ಆ ಎರಡು ನಿಮಿಷ ಇನ್ವರ್ಟರ್ ತಡೆಯಬೇಕು. ಸಂಪಿನ ಒಂದು ಎಚ್‌ಪಿ ಮೋಟರ್ ಓಡುವಾಗ ಒಂದು ಕಿಲೋವ್ಯಾಟ್ ಎಳೆದರೂ ಸ್ಟಾರ್ಟ್ ಆಗುವ ಕ್ಷಣದಲ್ಲಿ ಐದಾರು ಪಟ್ಟು ಎಳೆಯುತ್ತದೆ. ಮೋಟರ್‌ಗೋಸ್ಕರ ಇನ್ವರ್ಟರ್ ದೊಡ್ಡದು ಮಾಡುವ ಬದಲು ಕರೆಂಟ್ ಇದ್ದಾಗ ಟ್ಯಾಂಕ್ ತುಂಬಿಸಿಟ್ಟುಕೊಳ್ಳಿ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆ ಬ್ಯಾಟರಿಗೆ ಬೇಡವೇ ಬೇಡ. ಇವಿಷ್ಟನ್ನು ಬಿಟ್ಟು ಮಿಕ್ಕವಕ್ಕೆ ಬೇರೆ ವೈರಿಂಗ್, ಬೇರೆ ಡಿಬಿ ಬಾಕ್ಸ್ (ಎಂಸಿಬಿ ಸ್ವಿಚ್‌ಗಳು ಕೂರುವ ಪೆಟ್ಟಿಗೆ) ಮಾಡಿಸಿ. ಹೊಸ ಮನೆ ಕಟ್ಟುತ್ತಿರುವವರು ಪ್ಲಾಸ್ಟರಿಂಗ್‌ಗೆ ಮುಂಚೆಯೇ ಎಲೆಕ್ಟ್ರಿಷಿಯನ್‌ಗೆ ಹೇಳಿ. ಆಮೇಲೆ ಗೋಡೆ ಒಡೆಯುವ ಖರ್ಚು ತಪ್ಪುತ್ತದೆ.

ಮನೆಗೆ ತ್ರೀ ಫೇಸ್ ಸಂಪರ್ಕ ಇದ್ದು ಸಿಂಗಲ್ ಫೇಸ್ ಹೈಬ್ರಿಡ್ ಹಾಕಿಸಿದರೆ ಕರೆಂಟ್ ಹೋದಾಗ ಆ ಒಂದು ಫೇಸಿನ ಪಾಯಿಂಟುಗಳಿಗೆ ಮಾತ್ರ ಕರೆಂಟ್ ಬರುತ್ತದೆ. ಬೇಕಾದದ್ದೆಲ್ಲ ಆ ಫೇಸಿಗೇ ತಂದಿದ್ದಾರಾ ಅಂತ ನಿಂತು ನೋಡಿ.

ಮನೆಯಲ್ಲಿ ಕಾಯಿಲೆಯವರಿದ್ದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. 5 ಲೀಟರ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ ಸುಮಾರು 350 ವ್ಯಾಟ್ ಎಳೆಯುತ್ತದೆ. ಎಂಟು ಗಂಟೆಗೆ ಅದೊಂದೇ 2.8 ಯೂನಿಟ್. ಅಂಥ ಮನೆಯಲ್ಲಿ ದುಡ್ಡಿನ ಲಾಭ-ನಷ್ಟ ನೋಡಬೇಡಿ. ಲಿಥಿಯಂ ಇಟ್ಟು, ಒಂದು ಆಕ್ಸಿಜನ್ ಸಿಲಿಂಡರ್ ಕೂಡ ತುಂಬಿಸಿ ಇಟ್ಟುಕೊಳ್ಳಿ. ಯಂತ್ರ ಯಾವುದೇ ಆದರೂ ಒಂದು ದಿನ ಕೈಕೊಡಬಹುದು.

ಮಲೆನಾಡಿನವರಿಗೆ ಬೇರೆಯೇ ಮಾತು

ತೀರ್ಥಹಳ್ಳಿ, ಶೃಂಗೇರಿ, ಸಾಗರ, ಮಡಿಕೇರಿ ಕಡೆ ಕರೆಂಟ್ ಹೋಗುವುದು ಮಳೆಗಾಲದಲ್ಲಿ. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆ. ಸೋಲಾರ್ ಸೊರಗುವುದೂ ಆಗಲೇ. ಬಯಲುಸೀಮೆಯಲ್ಲಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಟ್ಟರೆ, ಆಷಾಢದ ಕಗ್ಗತ್ತಲ ದಿನಗಳಲ್ಲಿ ಮಲೆನಾಡಿನಲ್ಲಿ ಅದು ಕಾಲು ಭಾಗಕ್ಕೆ ಇಳಿಯುವುದೂ ಉಂಟು. ಬ್ಯಾಟರಿ ತೀರಾ ಬೇಕಾದ ವಾರದಲ್ಲೇ ಅದನ್ನು ತುಂಬಿಸುವವರು ಇರುವುದಿಲ್ಲ.

ಇದಕ್ಕೆ ಎರಡು ಪಟ್ಟು ಬ್ಯಾಟರಿ ಕೊಳ್ಳುವುದು ಪರಿಹಾರ ಅಲ್ಲ. ತುಂಬಿಸಲು ಬಿಸಿಲಿಲ್ಲದಿದ್ದರೆ ದೊಡ್ಡ ಬ್ಯಾಟರಿ ಒಂದು ದಿನ ಜಾಸ್ತಿ ಬಂದು ಖಾಲಿಯಾಗುತ್ತದೆ, ಅಷ್ಟೇ. ಅದರ ಬದಲು ಪ್ಯಾನೆಲ್ ಜಾಸ್ತಿ ಹಾಕಿಸಿ. ಬ್ಯಾಟರಿಗೆ ಹೋಲಿಸಿದರೆ ಪ್ಯಾನೆಲ್ ಅಗ್ಗ. 3 ಕಿಲೋವ್ಯಾಟ್ ಇದ್ದರೆ ಮಂಕು ದಿನದಲ್ಲೂ ಮೂರು ಯೂನಿಟ್ ಬರುತ್ತದೆ, ದೀಪ, ಮೊಬೈಲು, ಫ್ರಿಜ್‌ಗೆ ಅದು ಸಾಕು. ಜೊತೆಗೆ ಒಂದು ಸಣ್ಣ ಜನರೇಟರ್ ಇರಲಿ. ಅದು ಎರಡು ಮೂರು ಗಂಟೆ ಓಡಿ ಬ್ಯಾಟರಿ ತುಂಬಿಸಿದರೆ ರಾತ್ರಿಯಿಡೀ ಸದ್ದಿಲ್ಲದೆ ಬೆಳಕು. ಹೈಬ್ರಿಡ್ ಇನ್ವರ್ಟರ್ ಕೊಳ್ಳುವಾಗ ಜನರೇಟರ್ ಜೋಡಿಸುವ ಪಾಯಿಂಟ್ ಇರುವಂಥದ್ದನ್ನೇ ಕೇಳಿ. ಮಲೆನಾಡಿನ ಮನೆಗೆ ಮತ್ತು ಕೊಡಗಿನ ಹೋಮ್‌ಸ್ಟೇಗಳಿಗೆ ಹೈಬ್ರಿಡ್, ಎಲ್‌ಎಫ್‌ಪಿ, ಸಣ್ಣ ಜನರೇಟರ್, ಈ ಮೂರರ ಜೋಡಿಯನ್ನೇ ನಾನು ಒತ್ತಿ ಹೇಳುತ್ತೇನೆ. ಅಡಿಕೆ ಮರದ ನೆರಳು ಪ್ಯಾನೆಲ್ ಮೇಲೆ ಬೀಳದ ಜಾಗ ಹುಡುಕುವುದು ಅಲ್ಲಿಯ ನಿಜವಾದ ಕಷ್ಟ. ಅಂಗಳದಲ್ಲಿ ಕಂಬ ನಿಲ್ಲಿಸಿ ಹಾಕುವುದಾದರೆ ಕೇಬಲ್ ದೂರ ಜಾಸ್ತಿಯಾಗುತ್ತದೆ, ಅದರ ಖರ್ಚೂ ಸೇರಿಸಿ.

ಬಯಲುಸೀಮೆಯ ತೋಟದ ಮನೆಯವರದು ಇದಕ್ಕೆ ಉಲ್ಟಾ. ಬಿಸಿಲಿಗೆ ಬರ ಇಲ್ಲ. ಪಂಪ್‌ಸೆಟ್ ಲೈನಿನಲ್ಲಿ ತ್ರೀ ಫೇಸ್ ಕೆಲವೇ ಗಂಟೆ, ರಾತ್ರಿ ಕರೆಂಟ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿ ಬ್ಯಾಟರಿ ದಿನಾ ತುಂಬುತ್ತದೆ, ದಿನಾ ಖಾಲಿಯಾಗುತ್ತದೆ. ದಿನಾ ದುಡಿಯುವ ಬ್ಯಾಟರಿಗೆ ಲಿಥಿಯಂ ಸರಿ. ಸಣ್ಣದೇ ಸಾಕು.

ಅಪಾರ್ಟ್‌ಮೆಂಟಿನವರು ಈ ತಲೆನೋವು ಬಿಡಿ. ತಾರಸಿ ಎಲ್ಲರದು, ಜನರೇಟರ್ ಹೇಗೂ ಇದೆ.

ಎಲ್ಲಿ ಇಡುತ್ತೀರಿ

ಚಾರ್ಜ್ ಆಗುವಾಗ ಟ್ಯೂಬುಲರ್ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಕಿಡಿ ತಾಗಿದರೆ ಸಿಡಿಯುವ ಗಾಳಿ ಅದು. ಮೆಟ್ಟಿಲ ಕೆಳಗಿನ ಮುಚ್ಚಿದ ಕಪಾಟು, ಮಲಗುವ ಕೋಣೆ, ದೀಪ ಹಚ್ಚುವ ದೇವರ ಮನೆಯ ಪಕ್ಕ, ಗ್ಯಾಸ್ ಸಿಲಿಂಡರ್ ಹತ್ತಿರ, ಇವ್ಯಾವೂ ಬೇಡ. ಗಾಳಿ ಆಡುವ ಯುಟಿಲಿಟಿ ಸರಿ. ಮಕ್ಕಳ ಕೈಗೆ ಸಿಗಬಾರದು. ಲಿಥಿಯಂನಿಂದ ಗಾಳಿ ಬರದಿದ್ದರೂ ಬಿಸಿಲು ಬೀಳುವ ಗೋಡೆ, ತಾರಸಿಯ ಶೀಟ್ ಕೆಳಗೆ ಬೇಡ. ನೀರು ನುಗ್ಗುವ ತಗ್ಗಿನ ಮನೆಯಾದರೆ ಸೊಂಟದ ಎತ್ತರಕ್ಕೆ ಕೂರಿಸಿ.

ಬ್ಯಾಟರಿ ಮತ್ತು ಇನ್ವರ್ಟರ್ ನಡುವಿನ ಕೇಬಲ್ ಚಿಕ್ಕದಾಗಿ, ದಪ್ಪವಾಗಿ ಇರಬೇಕು. 12 ವೋಲ್ಟ್ ಸಿಸ್ಟಮ್‌ನಲ್ಲಿ 3 ಕಿಲೋವ್ಯಾಟ್ ಎಳೆದರೆ 250 ಆಂಪಿಯರ್ ಹರಿಯುತ್ತದೆ. 48 ವೋಲ್ಟ್‌ನಲ್ಲಿ ಅದೇ ಕೆಲಸಕ್ಕೆ 62 ಸಾಕು. ಕೇಬಲ್ ಬಿಸಿಯಾಗುವುದು, ಕನೆಕ್ಟರ್ ಕರಗುವುದು ಈ ಆಂಪಿಯರ್‌ನಿಂದಲೇ. ಹಾಗಾಗಿ 2 ಕಿಲೋವ್ಯಾಟ್ ಮೇಲಿನ ಇನ್ವರ್ಟರ್‌ಗೆ 48 ವೋಲ್ಟ್ ಬ್ಯಾಟರಿಯೇ ಇರಲಿ. ಬ್ಯಾಟರಿಯಿಂದ ಬರುವುದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್; ಅದಕ್ಕೆ ಅಂತಲೇ ಡಿಸಿ ಫ್ಯೂಸ್ ಅಥವಾ ಡಿಸಿ ಎಂಸಿಬಿ ಹಾಕಿಸಿ. ಮನೆಯ ಮಾಮೂಲಿ ಎಂಸಿಬಿ ಡಿಸಿಗೆ ನಡೆಯದು. ಪ್ಯಾನೆಲ್ ಚೌಕಟ್ಟು, ಇನ್ವರ್ಟರ್, ಸಿಡಿಲು ತಡೆಗೆ ಬೇರೆ ಬೇರೆ ಅರ್ಥಿಂಗ್ ಗುಂಡಿ ಬೇಕು. ಖರ್ಚು ಇಳಿಸಲು ಒಂದೇ ಗುಂಡಿಗೆ ಎಲ್ಲವನ್ನೂ ಕಟ್ಟುತ್ತೇನೆ ಅಂದರೆ ಒಪ್ಪಬೇಡಿ.

ಕೊಟೇಶನ್ ಕೈಗೆ ಬಂದಾಗ

"5 ಕಿಲೋವ್ಯಾಟ್ ಬ್ಯಾಟರಿ" ಅಂತ ಬರೆದಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಕಿಲೋವ್ಯಾಟ್ ಅಂದರೆ ಒಮ್ಮೆಗೆ ಎಷ್ಟು ಎಳೆಯಬಹುದು ಅನ್ನುವುದು. ಕಿಲೋವ್ಯಾಟ್-ಅವರ್, ಅಂದರೆ ಯೂನಿಟ್, ಒಟ್ಟು ಎಷ್ಟು ಹಿಡಿಯುತ್ತದೆ ಅನ್ನುವುದು. ಎರಡೂ ಅಂಕಿ ಬೇರೆ ಬೇರೆ ಬರೆಸಿಕೊಳ್ಳಿ.

ವಾರಂಟಿ ಪದಗಳನ್ನು ಬಿಡಿಸಿ ಓದಿ. ಟ್ಯೂಬುಲರ್‌ಗೆ "36 ಪ್ಲಸ್ 24 ತಿಂಗಳು" ಅಂತಿದ್ದರೆ ಮೊದಲ 36 ತಿಂಗಳು ಬದಲಿಸಿ ಕೊಡುತ್ತಾರೆ. ಆಮೇಲಿನ 24 ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. ಅದನ್ನು ಐದು ವರ್ಷದ ವಾರಂಟಿ ಅಂತ ಹೇಳಿ ಮಾರುತ್ತಾರೆ. ಲಿಥಿಯಂಗೆ ಇಷ್ಟು ವರ್ಷ ಅಥವಾ ಇಷ್ಟು ಸೈಕಲ್ (ಒಮ್ಮೆ ತುಂಬಿ ಖಾಲಿಯಾದರೆ ಒಂದು ಸೈಕಲ್), ಯಾವುದು ಮೊದಲೋ ಅದು ಅಂತ ಇರುತ್ತದೆ. ಕೊನೆಯಲ್ಲಿ ಎಷ್ಟು ಶೇಕಡ ಶಕ್ತಿ ಉಳಿದಿರಬೇಕು ಅಂತಲೂ ಬರೆದಿರಬೇಕು. ಆ ಅಂಕಿ ಇಲ್ಲದ ವಾರಂಟಿಗೆ ಅರ್ಥ ಇಲ್ಲ.

ಲಿಥಿಯಂ ಬ್ಯಾಟರಿಯ ಒಳಗಿನ ಬಿಎಂಎಸ್, ಅಂದರೆ ಸೆಲ್‌ಗಳನ್ನು ಕಾಯುವ ಬೋರ್ಡು, ನಿಮ್ಮ ಇನ್ವರ್ಟರ್ ಜೊತೆ ಕೇಬಲ್ ಮೂಲಕ ಮಾತಾಡುತ್ತದೆಯಾ ಕೇಳಿ. ಇನ್ವರ್ಟರ್ ಕಂಪನಿಯ ಹೊಂದಾಣಿಕೆ ಪಟ್ಟಿಯಲ್ಲಿ ಆ ಬ್ಯಾಟರಿಯ ಹೆಸರು ಇರಬೇಕು. ಹಳೆಯ ಯುಪಿಎಸ್‌ಗೆ ಸೀಸದ ಬ್ಯಾಟರಿ ತೆಗೆದು ಲಿಥಿಯಂ ಸಿಕ್ಕಿಸುವುದಾದರೆ ಆ ಯುಪಿಎಸ್‌ನಲ್ಲಿ ಲಿಥಿಯಂ ಚಾರ್ಜಿಂಗ್ ಸೆಟ್ಟಿಂಗ್ ಇರಲೇಬೇಕು. ಐಇಸಿ 62619 ಸುರಕ್ಷತಾ ಪರೀಕ್ಷೆಯ ಸರ್ಟಿಫಿಕೇಟ್ ತೋರಿಸಿ ಅನ್ನಿ. ಹಳೆ ಗಾಡಿಯ ಸೆಲ್ ಬಿಚ್ಚಿ ಜೋಡಿಸಿದ, ಹೆಸರಿಲ್ಲದ ಪ್ಯಾಕ್ ಅರ್ಧ ಬೆಲೆಗೆ ಸಿಗುತ್ತದೆ. ಮಕ್ಕಳು ಮಲಗುವ ಮನೆಗೆ ಅದನ್ನು ತರಬೇಡಿ.

ಕೆಲಸ ಮುಗಿದ ದಿನ ಪೂರ್ತಿ ಹಣ ಕೊಡುವ ಮೊದಲು ಅವರ ಎದುರೇ ಮೇನ್ ಸ್ವಿಚ್ ಇಳಿಸಿ. ಫ್ರಿಜ್, ಫ್ಯಾನ್, ಮಿಕ್ಸಿ ಒಟ್ಟಿಗೆ ಹಾಕಿ. ವೈಫೈ ಆಫ್ ಆಗದೆ ಮುಂದುವರಿಯಿತಾ ನೋಡಿ. ಹತ್ತು ನಿಮಿಷ ಬಿಟ್ಟು ಬ್ಯಾಟರಿ ಕೇಬಲ್ ಬಿಸಿಯಾಗಿದೆಯಾ ಅಂತ ಹೊರಗಿನ ಕವಚ ಮುಟ್ಟಿ ನೋಡಿ. ಹಳೆಯ ಬ್ಯಾಟರಿ ಇದ್ದರೆ ಗುಜರಿಗೆ ಹಾಕಬೇಡಿ. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು 2022ರ ಪ್ರಕಾರ ಹಳೆಯದನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಮಾರಿದವರಿಗೇ ವಾಪಸ್ ಕೊಟ್ಟು, ಎಷ್ಟು ಕಳೆದರು ಅನ್ನುವುದನ್ನು ಬಿಲ್‌ನಲ್ಲೇ ಬರೆಸಿಕೊಳ್ಳಿ.